ಗದ್ದಲದ ನಡುವಿನ ದನಿ: ರೋಹಿತದ ಅಳತೆಯಲ್ಲಿ ಸರಾಸರಿ

(ಪದವಿ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ವಿಜ್ಞಾನ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸರಾಸರಿ ಎಂಬ ಮಾತು ನಿಮಗೆಲ್ಲ ಪ್ರಾಥಮಿಕ ಶಾಲೆಯಿಂದಲೇ ಪರಿಚಿತ. ಅಂಕಗಳ ಸರಾಸರಿ, ಮಳೆಯ ಸರಾಸರಿ, ಬ್ಯಾಟ್ಸ್‌ಮನ್‌ಗಳ ಸರಾಸರಿ. ಕೂಡಿಸಿ ಭಾಗಿಸಿದರೆ ಮುಗಿಯಿತು. ಈ ಪದ ಕನ್ನಡಕ್ಕೆ ಬಂದದ್ದು ಪಾರ್ಸಿ ಮೂಲದಿಂದ. ಇಂಗ್ಲಿಷಿನ ‘ಆವರೇಜ್’ ಎಂಬ ಪದದ ಬೇರು ಅರಬ್ಬಿಯಲ್ಲಿದೆ, ಸರಕಿಗೆ ಆದ ಹಾನಿ ಎಂಬ ಅರ್ಥದ ‘ಅವಾರ್’ ಎಂಬ ಪದದಲ್ಲಿದೆ ಎಂದು ಬಹುಪಾಲು ನಿಘಂಟುಕಾರರು ಹೇಳುತ್ತಾರೆ. ಸಮುದ್ರದಲ್ಲಿ ಹಡಗಿನ ಸರಕು ಹಾಳಾದರೆ ಆ ನಷ್ಟವನ್ನು ಎಲ್ಲ ವರ್ತಕರೂ ಪಾಲು ಹಂಚಿಕೊಳ್ಳುತ್ತಿದ್ದರು. ಆ ಪಾಲಿನ ಲೆಕ್ಕವೇ ಮುಂದೆ ಗಣಿತದ ಸರಾಸರಿಯಾಯಿತು. ಇಂದು ನಾನು ಹೇಳಹೊರಟಿರುವುದು ಇದೇ ಸರಳ ಲೆಕ್ಕ ಪ್ರಯೋಗಾಲಯಕ್ಕೆ ಬಂದಾಗ ಏನನ್ನು ಸಾಧಿಸುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು. ಬ್ರಹ್ಮಾಂಡದ ಮೊದಲ ನಕ್ಷತ್ರಗಳ ಕುರಿತು ನಡೆದ ಒಂದು ದೊಡ್ಡ ವಾದವೂ ಇದರಲ್ಲಿ ಸೇರಿದೆ. ಆ ವಾದದಲ್ಲಿ ನಮ್ಮ ಶರಾವತಿ ಹಿನ್ನೀರಿಗೂ ಒಂದು ಪಾತ್ರವಿದೆ. ಅಲ್ಲಿಗೆ ಕೊನೆಯಲ್ಲಿ ಹೋಗೋಣ.

ಮೊದಲು ರೋಹಿತ ಎಂದರೇನು ಎಂದು ನೆನಪು ಮಾಡಿಕೊಳ್ಳಿ. ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣಗಳಾಗಿ ಒಡೆಯುತ್ತದೆ. ಅದೇ ರೀತಿ ಯಾವುದೇ ವಿದ್ಯುತ್ ಸಂಕೇತವನ್ನು ಆವರ್ತಾಂಕಗಳಾಗಿ ಒಡೆದು, ಯಾವ ಆವರ್ತಾಂಕದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ನಕ್ಷೆಯೇ ರೋಹಿತ ಅಥವಾ ಸ್ಪೆಕ್ಟ್ರಮ್. ಪ್ರಯೋಗಾಲಯದಲ್ಲಿ ಸ್ಪೆಕ್ಟ್ರಮ್ ಅನಲೈಸರ್ ನೋಡಿದವರಿಗೆ ಗೊತ್ತು: ಪರದೆಯ ತಳದಲ್ಲಿ ಹುಲ್ಲಿನಂತೆ ಒಂದು ಗೆರೆ ಸದಾ ಕುಣಿಯುತ್ತಿರುತ್ತದೆ. ಯಾವ ತಂತಿಯನ್ನೂ ಜೋಡಿಸದಿದ್ದರೂ ಕುಣಿಯುತ್ತದೆ. ಅದು ಉಪಕರಣದ ದೋಷವಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲಿ ತೋರಿಸಿಕೊಟ್ಟಂತೆ, ಉಷ್ಣತೆಯಿರುವ ಪ್ರತಿಯೊಂದು ರೋಧಕದಲ್ಲೂ ಎಲೆಕ್ಟ್ರಾನುಗಳು ಅಡ್ಡಾದಿಡ್ಡಿ ಓಡಾಡುವುದರಿಂದ ಸಣ್ಣ ವೋಲ್ಟೇಜು ಹುಟ್ಟುತ್ತಲೇ ಇರುತ್ತದೆ. ಇದನ್ನು ಗದ್ದಲ ಎನ್ನುತ್ತೇವೆ. ಇಂಜಿನಿಯರುಗಳು ನಾಯ್ಸ್ ಎನ್ನುತ್ತಾರೆ. ನಮಗೆ ಬೇಕಾದ ಸಂಕೇತ ಎಷ್ಟೋ ವೇಳೆ ಈ ಹುಲ್ಲಿನೊಳಗೆ ಮುಳುಗಿರುತ್ತದೆ.

ಹೊರತೆಗೆಯುವ ದಾರಿಯೇ ಸರಾಸರಿ. ಒಂದು ನಾಣ್ಯವನ್ನು ನೂರು ಸಲ ಚಿಮ್ಮಿದರೆ ಸರಿಯಾಗಿ 50 ಸಲ ತಲೆ ಬೀಳುತ್ತದೆಂಬ ಭರವಸೆಯಿಲ್ಲ. ಸುಮಾರು 5ರಷ್ಟು ಆಚೀಚೆಯಾಗುವುದು ಸಹಜ. ಹತ್ತು ಸಾವಿರ ಸಲ ಚಿಮ್ಮಿದರೆ ಆಚೀಚೆಯ ಅಂತರ 50ರಷ್ಟಾಗುತ್ತದೆ. ಸಂಖ್ಯೆಯಾಗಿ ನೋಡಿದರೆ ಅಂತರ ಹೆಚ್ಚಾಯಿತು. ಆದರೆ 5000ಕ್ಕೆ ಹೋಲಿಸಿದರೆ ಅದು ಶೇಕಡಾ 1 ಮಾತ್ರ. ಮೊದಲಿನದು ಶೇಕಡಾ 10 ಇತ್ತು. ಪ್ರಯತ್ನ ನೂರು ಪಟ್ಟು, ಲಾಭ ಹತ್ತು ಪಟ್ಟು. ಇದೇ ವರ್ಗಮೂಲದ ನಿಯಮ. ಗದ್ದಲವನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಹೊತ್ತು ಅಳೆಯಬೇಕು. ಪ್ರಕೃತಿ ಇಲ್ಲಿ ಬಹಳ ಬಿಗಿ ಕೈಯ ವ್ಯಾಪಾರಿ, ಚೌಕಾಸಿಗೆ ಬಗ್ಗುವುದಿಲ್ಲ.

ಈಗ ಒಂದು ಸೂಕ್ಷ್ಮ ವಿಷಯ. ಇಲ್ಲಿ ಒಳ್ಳೆಯ ವಿದ್ಯಾರ್ಥಿಗಳೂ ತಬ್ಬಿಬ್ಬಾಗುತ್ತಾರೆ, ಸ್ವಲ್ಪ ಗಮನವಿಟ್ಟು ಕೇಳಿ. ಹೆಚ್ಚು ಹೊತ್ತು ದಾಖಲಿಸಿ, ಇಡೀ ದಾಖಲೆಯನ್ನು ಒಮ್ಮೆಗೇ ರೋಹಿತವಾಗಿ ಪರಿವರ್ತಿಸಿದರೆ ಹುಲ್ಲು ನಯವಾಗುತ್ತದೆ ಎಂದು ನೀವು ಭಾವಿಸಬಹುದು. ಆಗುವುದಿಲ್ಲ. ಒಂದು ಸೆಕೆಂಡಿನ ದಾಖಲೆಯಿಂದ ಪಡೆದ ಗದ್ದಲದ ರೋಹಿತ ಎಷ್ಟು ಒರಟೋ, ಒಂದು ಗಂಟೆಯ ದಾಖಲೆಯ ರೋಹಿತವೂ ಅಷ್ಟೇ ಒರಟು. ಪ್ರತಿ ಬಿಂದುವಿನಲ್ಲೂ ಏರಿಳಿತ ಅದರ ನಿಜ ಮೌಲ್ಯದಷ್ಟೇ ದೊಡ್ಡದು, ಅಂದರೆ ಶೇಕಡಾ 100. ಹಾಗಾದರೆ ಅಷ್ಟು ಹೊತ್ತು ಕೂಡಿಸಿದ ಮಾಹಿತಿ ಎಲ್ಲಿ ಹೋಯಿತು? ಹತ್ತು ಮನೆಗಳಿಗೆ ಹತ್ತು ಮೂಟೆ ಅಕ್ಕಿ ಹಂಚಿದಿರಿ ಎನ್ನಿ. ಮನೆಗೆ ಒಂದು ಮೂಟೆ. ಮರುವರ್ಷ ಇಪ್ಪತ್ತು ಮೂಟೆ ಬಂತು, ಆದರೆ ಮನೆಗಳೂ ಇಪ್ಪತ್ತಾದವು. ಮನೆಗೆ ಸಿಕ್ಕಿದ್ದು ಮತ್ತೆ ಒಂದೇ ಮೂಟೆ. ದಾಖಲೆ ಉದ್ದವಾದಷ್ಟೂ ರೋಹಿತದಲ್ಲಿ ಬಿಂದುಗಳ ಸಂಖ್ಯೆ ಹೆಚ್ಚುತ್ತದೆ. ಬಂದ ಹೊಸ ಮಾಹಿತಿಯೆಲ್ಲ ಹೊಸ ಬಿಂದುಗಳಿಗೆ ಹಂಚಿಹೋಗುತ್ತದೆ. ಯಾವ ಬಿಂದುವೂ ಮೊದಲಿಗಿಂತ ಹೆಚ್ಚು ಖಚಿತವಾಗುವುದಿಲ್ಲ.

ಇಂಥ ನಕ್ಷೆಗೆ ‘ಪೀರಿಯಡೋಗ್ರಾಮ್’ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ಶೂಸ್ಟರ್, 1898ರಲ್ಲಿ. ಹವಾಮಾನದಂಥ ದಾಖಲೆಗಳಲ್ಲಿ ಜನ ಕಂಡುಹಿಡಿದೆವೆಂದು ಹೇಳುತ್ತಿದ್ದ ಗುಪ್ತ ಆವರ್ತಗಳಲ್ಲಿ ಎಷ್ಟು ನಿಜ, ಎಷ್ಟು ಆಕಸ್ಮಿಕ ಎಂದು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. ಒರಟುತನಕ್ಕೆ ಸುಲಭ ಪರಿಹಾರ ಹೇಳಿದವರು ಸಂಖ್ಯಾಶಾಸ್ತ್ರಜ್ಞ ಬಾರ್ಟ್ಲೆಟ್. 1948 ಮತ್ತು 1950ರಲ್ಲಿ ಪ್ರಕಟವಾದ ಬರಹಗಳಲ್ಲಿ ಅವರು ಸೂಚಿಸಿದ್ದು ಇಷ್ಟೇ: ಉದ್ದನೆಯ ದಾಖಲೆಯನ್ನು ತುಂಡು ಮಾಡಿ, ಪ್ರತಿ ತುಂಡಿನ ರೋಹಿತವನ್ನು ಬೇರೆ ಬೇರೆ ಪಡೆಯಿರಿ, ಆಮೇಲೆ ಆ ರೋಹಿತಗಳ ಸರಾಸರಿ ತೆಗೆಯಿರಿ. ನೂರು ತುಂಡಾದರೆ ಏರಿಳಿತ ಶೇಕಡಾ 100ರಿಂದ 10ಕ್ಕೆ ಇಳಿಯುತ್ತದೆ.

1965ರಲ್ಲಿ ಕೂಲಿ ಮತ್ತು ಟ್ಯೂಕಿಯವರ ವೇಗದ ಫೂರಿಯೇ ವಿಧಾನ ಬಂದ ಮೇಲೆ ಈ ಲೆಕ್ಕಗಳೆಲ್ಲ ಕಂಪ್ಯೂಟರಿಗೆ ಹಗುರಾದವು. 1967ರಲ್ಲಿ ಐಬಿಎಂನ ಪೀಟರ್ ವೆಲ್ಚ್ ಈ ಉಪಾಯವನ್ನು ತಿದ್ದಿ ಒಪ್ಪಗೊಳಿಸಿದರು. ತುಂಡನ್ನು ದಿಢೀರನೆ ಕತ್ತರಿಸಿದರೆ ಬಲವಾದ ಆವರ್ತಾಂಕದ ಶಕ್ತಿ ಅಕ್ಕಪಕ್ಕಕ್ಕೆ ಸೋರುತ್ತದೆ. ಆದ್ದರಿಂದ ಪ್ರತಿ ತುಂಡಿನ ಎರಡೂ ತುದಿಗಳನ್ನು ಮೆಲ್ಲನೆ ಸೊನ್ನೆಗೆ ಇಳಿಸಬೇಕು. ಇದಕ್ಕೆ ಕಿಟಕಿ, ಅಂದರೆ ವಿಂಡೋ ಎನ್ನುತ್ತಾರೆ. ತುದಿಗಳನ್ನು ಇಳಿಸಿದಾಗ ಅಲ್ಲಿನ ಮಾಹಿತಿ ವ್ಯರ್ಥವಾಗುತ್ತದಲ್ಲ, ಅದಕ್ಕಾಗಿ ತುಂಡುಗಳನ್ನು ಒಂದರ ಮೇಲೊಂದು ಅರ್ಧದಷ್ಟು ಹಾಯುವಂತೆ ತೆಗೆಯಬೇಕು. ಹಾಗೆ ತೆಗೆದರೆ ಒಂದೇ ಮಾಹಿತಿಯನ್ನು ಎರಡು ಸಲ ಎಣಿಸಿದಂತಾಗುವುದಿಲ್ಲವೇ? ಆಗುತ್ತದೆ, ಆದರೆ ತೀರಾ ಕಡಿಮೆ. ಹಾನ್ ಎಂಬ ಸಾಮಾನ್ಯ ವಿಂಡೋ ಬಳಸಿದರೆ, ಗದ್ದಲದ ಮಟ್ಟಿಗೆ ಪಕ್ಕಪಕ್ಕದ ಎರಡು ತುಂಡುಗಳ ರೋಹಿತಗಳ ನಡುವಿನ ಸಹಸಂಬಂಧ ಶೇಕಡಾ 3ಕ್ಕೂ ಕಡಿಮೆ. ಅಂದರೆ ಅವು ಬಹುತೇಕ ಸ್ವತಂತ್ರ ಅಳತೆಗಳೇ. ಇಂದು ಯಾವ ಸಂಕೇತ ಸಂಸ್ಕರಣೆಯ ತಂತ್ರಾಂಶ ತೆರೆದರೂ ವೆಲ್ಚ್ ಹೆಸರು ಕಾಣುತ್ತದೆ.

ಆದರೆ ನಯಕ್ಕೆ ತೆರಬೇಕಾದ ಬೆಲೆಯಿದೆ. ನಮ್ಮೂರುಗಳ ಅಕ್ಕಿ ಗಿರಣಿಯಲ್ಲೂ ಪಂಪ್‌ಸೆಟ್ಟಿನಲ್ಲೂ ಇರುವ ಇಂಡಕ್ಷನ್ ಮೋಟಾರನ್ನು ತೆಗೆದುಕೊಳ್ಳಿ. ನಾಲ್ಕು ಧ್ರುವದ ಮೋಟಾರು 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 1500 ಸುತ್ತಬೇಕು. ಹೊರೆಯಿದ್ದಾಗ 1455 ಸುತ್ತುತ್ತದೆ ಎನ್ನೋಣ. ಹಿಂಜಾರಿಕೆ, ಅಂದರೆ ಸ್ಲಿಪ್, ಶೇಕಡಾ 3. ರೋಟರಿನ ಒಂದು ಸರಳು ಮುರಿದಿದ್ದರೆ ಮೋಟಾರು ಎಳೆಯುವ ಕರೆಂಟಿನ ರೋಹಿತದಲ್ಲಿ 50 ಹರ್ಟ್ಸಿನ ದೊಡ್ಡ ಶಿಖರದ ಎರಡೂ ಬದಿಗೆ, 47 ಮತ್ತು 53 ಹರ್ಟ್ಸಿನಲ್ಲಿ, ಎರಡು ಸಣ್ಣ ಶಿಖರಗಳು ಏಳುತ್ತವೆ. ಮೋಟಾರನ್ನು ಬಿಚ್ಚದೆಯೇ ರೋಗ ಪತ್ತೆ! ಈಗ ನೀವು ಹತ್ತು ಸೆಕೆಂಡಿನ ದಾಖಲೆಯನ್ನು ನೂರು ತುಂಡು ಮಾಡಿದಿರಿ ಎನ್ನಿ. ತುಂಡೊಂದು 0.1 ಸೆಕೆಂಡು, ಅದು ಬೇರ್ಪಡಿಸಬಲ್ಲ ಅಂತರ 10 ಹರ್ಟ್ಸ್. ಗೆರೆ ರೇಷ್ಮೆಯಂತೆ ನಯವಾಗಿರುತ್ತದೆ. ಆದರೆ 47, 50, 53 ಮೂರೂ ಒಂದೇ ಗುಡ್ಡೆಯಾಗಿ ಬೆರೆತುಹೋಗಿರುತ್ತವೆ. ಮೋಟಾರು ಆರೋಗ್ಯವಾಗಿದೆ ಎಂದು ವರದಿ ಬರೆದುಬಿಡುತ್ತೀರಿ. ಹತ್ತು ಸೆಕೆಂಡಿನ ಐದೇ ತುಂಡು ಮಾಡಿ, 0.5 ಹರ್ಟ್ಸಿನ ಸೂಕ್ಷ್ಮತೆ ಉಳಿಸಿಕೊಂಡಿದ್ದರೆ ಹುಲ್ಲು ಸ್ವಲ್ಪ ಒರಟಾಗಿದ್ದರೂ ಶಿಖರಗಳು ಕಾಣುತ್ತಿದ್ದವು. ನಯವೂ ಬೇಕು, ಸೂಕ್ಷ್ಮತೆಯೂ ಬೇಕು ಎಂದರೆ ಒಂದೇ ದಾರಿ: ಇನ್ನೂ ಹೆಚ್ಚು ಹೊತ್ತು ದಾಖಲಿಸುವುದು. ಅಷ್ಟು ಹೊತ್ತು ಮೋಟಾರಿನ ಹೊರೆ ಬದಲಾಗದೆ ಇರಬೇಕು ಎಂಬುದು ಬೇರೆ ತಲೆನೋವು.

ಇನ್ನು ಯಾವುದರ ಸರಾಸರಿ ತೆಗೆಯಬೇಕು ಎಂಬ ಪ್ರಶ್ನೆ. ಉಪಕರಣದ ಪರದೆ ಸಾಮಾನ್ಯವಾಗಿ ಡೆಸಿಬೆಲ್‌ನಲ್ಲಿರುತ್ತದೆ, ಡೆಸಿಬೆಲ್ ಎಂದರೆ ಲಾಗರಿದಮ್. ಪರದೆಯಲ್ಲಿ ಕಂಡ ಅಂಕಿಗಳನ್ನೇ ಕೂಡಿಸಿ ಭಾಗಿಸಿದರೆ ಏನಾಗುತ್ತದೆ ನೋಡಿ. ಒಂದು ಅಳತೆ 1 ಘಟಕ, ಇನ್ನೊಂದು 100 ಘಟಕ ಶಕ್ತಿ. ಶಕ್ತಿಯ ಸರಾಸರಿ 50.5. ಡೆಸಿಬೆಲ್‌ನಲ್ಲಿ ಅವು 0 ಮತ್ತು 20. ಸರಾಸರಿ 10 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ 10 ಘಟಕ. ಐದು ಪಟ್ಟು ವ್ಯತ್ಯಾಸ! ಶುದ್ಧ ಗದ್ದಲದ ಡೆಸಿಬೆಲ್ ಸರಾಸರಿ ತೆಗೆದರೆ ಉತ್ತರ ಯಾವಾಗಲೂ 2.51 ಡೆಸಿಬೆಲ್ ಕಡಿಮೆ ಬರುತ್ತದೆ ಎಂದು ಗಣಿತದಿಂದಲೇ ತೋರಿಸಬಹುದು. ಎಷ್ಟು ಸಲ ಸರಾಸರಿ ತೆಗೆದರೂ ಈ ತಪ್ಪು ಕರಗುವುದಿಲ್ಲ. ಗೆರೆ ನಯವಾಗುತ್ತದೆ, ನಯವಾಗಿ ತಪ್ಪಾಗಿರುತ್ತದೆ. ಒಂದೇ ಸಮನೆ ಇರುವ ಸ್ವರವನ್ನು ಹುಡುಕಲು ಆ ವಿಧಾನ ನಡೆದೀತು, ಗದ್ದಲವನ್ನೇ ಅಳೆಯುವಾಗ ಕೂಡದು. ಅನಲೈಸರಿನ ಮೆನುವಿನಲ್ಲಿ ಲಾಗ್, ಪವರ್ ಎಂದು ಎರಡು ಆಯ್ಕೆ ಕಂಡರೆ ಯಾವುದು ಬೇಕೆಂದು ಕೇಳಿಕೊಳ್ಳದೆ ಗುಂಡಿ ಒತ್ತಬೇಡಿ.

ಇನ್ನೊಂದು ಭೇದವಿದೆ. ಶಕ್ತಿಯ ಸರಾಸರಿ ತೆಗೆದರೆ ಹುಲ್ಲಿನ ಕುಣಿತ ನಿಲ್ಲುತ್ತದೆ, ಹುಲ್ಲಿನ ಎತ್ತರ ಮಾತ್ರ ಇದ್ದಷ್ಟೇ ಇರುತ್ತದೆ. ಎತ್ತರವನ್ನೇ ತಗ್ಗಿಸಬೇಕಾದರೆ ವರ್ಗ ಮಾಡುವ ಮೊದಲೇ, ಅಂದರೆ ವೋಲ್ಟೇಜನ್ನೇ, ಕೂಡಿಸಬೇಕು. ಗದ್ದಲ ಒಮ್ಮೆ ಧನ ಒಮ್ಮೆ ಋಣವಾಗಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಸಂಕೇತ ಉಳಿಯುತ್ತದೆ. ನೂರು ಸಲ ಹೀಗೆ ಮಾಡಿದರೆ ತಳ 20 ಡೆಸಿಬೆಲ್ ಇಳಿಯುತ್ತದೆ. ಷರತ್ತು ಒಂದೇ: ಪ್ರತಿ ಸಲವೂ ಸಂಕೇತ ಯಾವ ಕ್ಷಣದಲ್ಲಿ ಆರಂಭವಾಗುತ್ತದೆ ಎಂಬುದು ನಮಗೆ ಖಚಿತವಾಗಿ ಗೊತ್ತಿರಬೇಕು.

ಇದರ ಅತ್ಯಂತ ಸುಂದರ ಉಪಯೋಗ ಎಳೆಯ ಮಕ್ಕಳ ಶ್ರವಣ ಪರೀಕ್ಷೆ. ಹುಟ್ಟಿದ ಮಗುವಿಗೆ ಕಿವಿ ಕೇಳುತ್ತದೆಯೇ ಎಂದು ಮಗುವನ್ನೇ ಕೇಳುವಂತಿಲ್ಲವಲ್ಲ. ಆಸ್ಪತ್ರೆಯವರು ಬೇರಾ ಎಂದು ಕರೆಯುವ ಪರೀಕ್ಷೆಯಲ್ಲಿ ಮಲಗಿರುವ ಮಗುವಿನ ಕಿವಿಯಲ್ಲಿ ಟಿಕ್ ಎಂಬ ಸದ್ದು ಮಾಡಿ, ತಲೆಯ ಮೇಲೆ ಅಂಟಿಸಿದ ಎಲೆಕ್ಟ್ರೋಡುಗಳಿಂದ ಮಿದುಳಿನ ಕಾಂಡದ ಉತ್ತರವನ್ನು ಅಳೆಯುತ್ತಾರೆ. ಸದ್ದಾದ ಮೊದಲ ಹತ್ತು ಮಿಲಿಸೆಕೆಂಡಿನೊಳಗೆ ಬರುವ ಆ ಉತ್ತರ ಒಂದು ಮೈಕ್ರೋವೋಲ್ಟಿಗಿಂತಲೂ ಕಡಿಮೆ. ಮಿದುಳಿನ ಇತರ ಚಟುವಟಿಕೆ ಮತ್ತು ಸ್ನಾಯುಗಳ ಗದ್ದಲ ಅದರ ಹತ್ತಾರು ಪಟ್ಟು. ಆದ್ದರಿಂದ ಸುಮಾರು ಎರಡು ಸಾವಿರ ಸಲ ಟಿಕ್ ಎನ್ನಿಸಿ, ಪ್ರತಿ ಟಿಕ್‌ನಿಂದ ಕಾಲ ಎಣಿಸಿ ಕೂಡಿಸುತ್ತಾರೆ. ಎರಡು ಸಾವಿರದ ವರ್ಗಮೂಲ ಸುಮಾರು 45; ಗದ್ದಲ ಅಷ್ಟು ಪಟ್ಟು ಇಳಿದಾಗ ಉತ್ತರದ ಅಲೆಗಳು ಮೇಲೇಳುತ್ತವೆ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಜಾರ್ಜ್ ಡಾಸನ್ ಎಂಬವರು ನರಗಳ ಇಂಥ ಉತ್ತರಗಳನ್ನು ಕೂಡಿಸಲೆಂದೇ ಒಂದು ಯಂತ್ರ ಕಟ್ಟಿದ್ದರು, ಕಂಪ್ಯೂಟರುಗಳು ಪ್ರಯೋಗಾಲಯಗಳಿಗೆ ಬರುವ ಮೊದಲೇ.

ಈ ಪರೀಕ್ಷೆಯಲ್ಲಿ ಸೆಕೆಂಡಿಗೆ 10 ಟಿಕ್ ಎಂಬ ಸರಳ ಸಂಖ್ಯೆಯನ್ನು ಬಿಟ್ಟು 11.1 ಎಂಬ ವಿಚಿತ್ರ ವೇಗವನ್ನು ಬಳಸುವುದುಂಟು. ಏಕೆ ಗೊತ್ತೇ? ಗೋಡೆಯ ತಂತಿಯಲ್ಲಿ 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆ ಸದಾ ಇರುತ್ತದೆ. ಸೆಕೆಂಡಿಗೆ 10 ಟಿಕ್ ಆದರೆ ಎರಡು ಟಿಕ್‌ಗಳ ನಡುವೆ ಸರಿಯಾಗಿ 5 ಆವರ್ತಗಳು. ಆ ಗುಂಯ್ ಪ್ರತಿ ಸಲವೂ ಅದೇ ಭಂಗಿಯಲ್ಲಿ ಬಂದು ನಿಲ್ಲುತ್ತದೆ, ಸಂಕೇತದಂತೆಯೇ ಕೂಡಿಕೊಳ್ಳುತ್ತದೆ. 11.1 ಆದರೆ ನಡುವೆ ಸುಮಾರು ನಾಲ್ಕೂವರೆ ಆವರ್ತ. ಒಂದು ಸಲ ಮೇಲಿದ್ದದ್ದು ಮರುಸಲ ಕೆಳಗಿರುತ್ತದೆ, ಪರಸ್ಪರ ಅಳಿಸಿಹೋಗುತ್ತದೆ. ಈ ಸಣ್ಣ ಉಪಾಯವನ್ನು ನೆನಪಿಡಿ. ಸರಾಸರಿ ಅಳಿಸುವುದು ಅಡ್ಡಾದಿಡ್ಡಿಯಾದುದನ್ನು. ಕ್ರಮಬದ್ಧವಾದುದು ಬೇಡದ್ದೇ ಆಗಿದ್ದರೂ ಅದನ್ನು ಕಾಪಾಡುತ್ತದೆ.

ಇದೇ ಮಾತನ್ನು ಇಟ್ಟುಕೊಂಡು ಆಕಾಶಕ್ಕೆ ಹೋಗೋಣ. ಆಕಾಶಗಂಗೆಯ ಜಲಜನಕ ಪರಮಾಣುಗಳು 1420.4 ಮೆಗಾಹರ್ಟ್ಸಿನಲ್ಲಿ ಕ್ಷೀಣವಾದ ರೇಡಿಯೋ ಅಲೆ ಹೊರಡಿಸುತ್ತವೆ ಎಂದು ವಾನ್ ಡೆ ಹುಲ್ಸ್ಟ್ 1944ರಲ್ಲಿ ಊಹಿಸಿದ್ದರು. 1951ರ ಮಾರ್ಚ್ 25ರಂದು ಹಾರ್ವರ್ಡಿನಲ್ಲಿ ಇವೆನ್ ಮತ್ತು ಪರ್ಸೆಲ್ ಅದನ್ನು ಮೊದಲ ಬಾರಿಗೆ ಹಿಡಿದರು. ಪ್ರಯೋಗಾಲಯದ ಕಿಟಕಿಯಾಚೆ ನಿಲ್ಲಿಸಿದ ತುತ್ತೂರಿಯಾಕಾರದ ಆಂಟೆನಾ, ಅಷ್ಟೇ. ಇಲ್ಲಿ ಟಿಕ್ ಹೇಳುವವರು ಯಾರೂ ಇಲ್ಲ, ಆಕಾಶದ ಸಂಕೇತವೇ ಗದ್ದಲದ ರೂಪದ್ದು. ಆದ್ದರಿಂದ ಶಕ್ತಿಯ ಸರಾಸರಿಯೊಂದೇ ದಾರಿ. ಎಷ್ಟು ಹೊತ್ತು? ರೇಡಿಯೋ ಖಗೋಳದವರ ಸೂತ್ರ ಸರಳ: ಗದ್ದಲದ ಒಟ್ಟು ಉಷ್ಣತೆಯನ್ನು, ಪಟ್ಟಿಯ ಅಗಲ ಮತ್ತು ಕಾಲ ಇವುಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ. ಗದ್ದಲ 100 ಕೆಲ್ವಿನ್, ಪಟ್ಟಿ 10 ಕಿಲೋಹರ್ಟ್ಸ್, ಕಾಲ 100 ಸೆಕೆಂಡ್ ಆದರೆ ಗುಣಲಬ್ಧ ಹತ್ತು ಲಕ್ಷ, ವರ್ಗಮೂಲ ಸಾವಿರ, ಉಳಿಯುವ ಏರಿಳಿತ 0.1 ಕೆಲ್ವಿನ್. ಜಲಜನಕದ ರೇಖೆ ಹತ್ತಾರು ಕೆಲ್ವಿನ್ ಇರುತ್ತದೆ. ಅಂದರೆ ಅಲ್ಯೂಮಿನಿಯಂ ತಗಡಿನ ತುತ್ತೂರಿ ಮಾಡಿ, ಅಗ್ಗದ ಯುಎಸ್‌ಬಿ ರೇಡಿಯೋ ಜೋಡಿಸಿ, ಕಾಲೇಜಿನ ಮಾಳಿಗೆಯಿಂದಲೇ ನೀವು ಆಕಾಶಗಂಗೆಯನ್ನು ‘ಕೇಳ’ಬಹುದು. ಆದರೂ ಇವೆನ್ ಬರೀ ಸರಾಸರಿಯನ್ನು ನಂಬಲಿಲ್ಲ. ಗ್ರಾಹಕದ ಸ್ವಂತ ಏರುತಗ್ಗುಗಳು ಎಷ್ಟು ಹೊತ್ತು ಕಾದರೂ ಹೋಗುವಂಥವಲ್ಲ. ಅದಕ್ಕಾಗಿ ಗ್ರಾಹಕವನ್ನು ರೇಖೆಯ ಆವರ್ತಾಂಕಕ್ಕೂ ಅದರ ಪಕ್ಕದ ಬರಿದಾದ ಆವರ್ತಾಂಕಕ್ಕೂ ಸರಸರನೆ ಬದಲಾಯಿಸುತ್ತ ಎರಡರ ವ್ಯತ್ಯಾಸವನ್ನು ಅಳೆದರು. ಮೊದಲು ಕಳೆ, ಆಮೇಲೆ ಕೂಡಿಸು.

ಈಗ ಶರಾವತಿ. 2018ರ ಮಾರ್ಚಿನಲ್ಲಿ ಅಮೆರಿಕದ ಜಡ್ ಬೌಮನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ಸುದ್ದಿ ಪ್ರಕಟಿಸಿದರು. ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿಟ್ಟ ಎಡ್ಜಸ್ ಎಂಬ ಉಪಕರಣದ ರೋಹಿತದಲ್ಲಿ, 78 ಮೆಗಾಹರ್ಟ್ಸಿನ ಸುತ್ತ ಅರ್ಧ ಕೆಲ್ವಿನ್ ಆಳದ ತಗ್ಗು ಕಂಡಿದೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಜಲಜನಕದ ಗುರುತು ಅದು ಎಂದು. ತಗ್ಗು ಸಿದ್ಧಾಂತ ಹೇಳುವುದಕ್ಕಿಂತ ಎರಡು ಪಟ್ಟಿಗೂ ಮಿಗಿಲು ಆಳವಾಗಿತ್ತು. ಹೊಸ ಭೌತವಿಜ್ಞಾನವೇ ಬೇಕೇನೋ ಎಂಬ ಚರ್ಚೆ ಹುಟ್ಟಿತು.

ಸೂತ್ರ ಹಾಕಿ ನೋಡಿ. ಆ ಆವರ್ತಾಂಕದಲ್ಲಿ ಆಕಾಶವೇ ಸುಮಾರು 2000 ಕೆಲ್ವಿನ್ ಗದ್ದಲ ಮಾಡುತ್ತದೆ. ಒಂದು ಮೆಗಾಹರ್ಟ್ಸ್ ಪಟ್ಟಿಯಲ್ಲಿ ಹತ್ತು ಸಾವಿರ ಸೆಕೆಂಡ್, ಮೂರು ಗಂಟೆಗೂ ಕಡಿಮೆ, ಸರಾಸರಿ ತೆಗೆದರೆ ಏರಿಳಿತ 0.02 ಕೆಲ್ವಿನ್‌ಗೆ ಇಳಿಯುತ್ತದೆ. ಅಂದರೆ ಗದ್ದಲ ಇಲ್ಲಿ ಶತ್ರುವೇ ಅಲ್ಲ. ಶತ್ರು ಬೇರೆ: ಆಂಟೆನಾದ ಕೆಳಗಿನ ನೆಲ, ಅದರ ಮೇಲೆ ಹಾಸಿದ ಲೋಹದ ಜಾಲರಿ, ಕೇಬಲಿನೊಳಗಿನ ಪ್ರತಿಫಲನ. ಇವೆಲ್ಲ ರೋಹಿತದಲ್ಲಿ ಮೆಲ್ಲಗೆ ಏರಿಳಿಯುವ ಅಲೆಗಳನ್ನು ಮೂಡಿಸುತ್ತವೆ. ದಿನವೂ ಒಂದೇ ರೀತಿ ಮೂಡಿಸುವುದರಿಂದ ಸರಾಸರಿಯಲ್ಲಿ ಅವು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ. ರಿಚರ್ಡ್ ಹಿಲ್ಸ್ ಮತ್ತು ಸಂಗಡಿಗರು 2018ರಲ್ಲೇ ಈ ಸಂಶಯ ಎತ್ತಿದ್ದರು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಂಶಯವನ್ನು ಬಾಯಿಮಾತಿನಲ್ಲಿ ಬಿಡಲಿಲ್ಲ. ನೆಲವೇ ತೊಂದರೆಯಾದರೆ ನೆಲವನ್ನೇ ಬಿಡೋಣ ಎಂದು ತಮ್ಮ ಸರಸ್-3 ಆಂಟೆನಾವನ್ನು ತೆಪ್ಪದ ಮೇಲಿಟ್ಟು ನೀರಿನಲ್ಲಿ ತೇಲಿಬಿಟ್ಟರು. ನೆಲದಲ್ಲಿ ಪದರಗಳಿರುತ್ತವೆ, ಕಲ್ಲು ತೇವಗಳ ವ್ಯತ್ಯಾಸವಿರುತ್ತದೆ. ಆಳವಾದ ನೀರು ಒಂದೇ ಸಮನಾದ ಮಾಧ್ಯಮ. 2020ರ ಆರಂಭದ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ಅಳತೆಗಳು ನಡೆದವು. ಎಫ್‌ಎಂ ಕೇಂದ್ರಗಳಂಥ ಮನುಷ್ಯನಿರ್ಮಿತ ರೇಡಿಯೋ ಕಲಬೆರಕೆಯಿದ್ದ ಭಾಗಗಳನ್ನು ಸರಾಸರಿಗೆ ಮೊದಲೇ ಹುಡುಕಿ ತೆಗೆದುಹಾಕಬೇಕಾಯಿತು. ಒಂದು ಹಾಳು ಮೊಟ್ಟೆ ಇಡೀ ಆಮ್ಲೆಟನ್ನೇ ಕೆಡಿಸುವಂತೆ, ಬಲವಾದ ಒಂದೇ ಅಡಚಣೆ ಸಾವಿರ ಒಳ್ಳೆಯ ಅಳತೆಗಳ ಸರಾಸರಿಯನ್ನು ಎಳೆದುಬಿಡುತ್ತದೆ. 2022ರ ಫೆಬ್ರುವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಫಲಿತಾಂಶ ಬಂತು: ಎಡ್ಜಸ್ ಹೇಳಿದ ತಗ್ಗು ಇಲ್ಲಿ ಇಲ್ಲ, ಶೇಕಡಾ 95.3ರ ವಿಶ್ವಾಸದೊಂದಿಗೆ ಅದನ್ನು ತಳ್ಳಿಹಾಕಬಹುದು. ಶರಾವತಿಯ ನೀರಿನ ಮೇಲೆ ಪಡೆದ ರೋಹಿತವೊಂದು ಜಗತ್ತಿನ ಖಗೋಳಜ್ಞರನ್ನು ಮತ್ತೆ ಯೋಚಿಸುವಂತೆ ಮಾಡಿದ್ದು ಹೀಗೆ. ಮೊದಲ ನಕ್ಷತ್ರಗಳ ಆ ಗುರುತಿನ ಹುಡುಕಾಟವಂತೂ ನಿಂತಿಲ್ಲ.

ಇಷ್ಟು ಕೇಳಿದ ಮೇಲೆ ನೀವೇ ಮಾಡಿ ನೋಡುವ ಒಂದು ಕೆಲಸ ಹೇಳುತ್ತೇನೆ, ಖರ್ಚೇನೂ ಇಲ್ಲ. ಮನೆಯ ಸೀಲಿಂಗ್ ಫ್ಯಾನಿನ ಸದ್ದನ್ನು ಮೊಬೈಲಿನಲ್ಲಿ 30 ಸೆಕೆಂಡ್ ದಾಖಲಿಸಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಸ್ಪೆಕ್ಟ್ರಮ್ ನಕ್ಷೆ ಕೇಳಿ. ಅಲ್ಲಿ ತುಂಡಿನ ಅಳತೆ ಆರಿಸಿಕೊಳ್ಳುವ ಅವಕಾಶವಿದೆ. ಮೊದಲು 512 ಆರಿಸಿ. ಸೆಕೆಂಡಿಗೆ 44,100 ಮಾದರಿಗಳ ದಾಖಲೆಯಾದರೆ 2,500ಕ್ಕೂ ಹೆಚ್ಚು ತುಂಡುಗಳ ಸರಾಸರಿ ಸಿಗುತ್ತದೆ. ಗಾಳಿಯ ಸದ್ದು ನುಣುಪಾದ ಇಳಿಜಾರಿನಂತೆ ಕಾಣುತ್ತದೆ. ಆಮೇಲೆ 65,536 ಆರಿಸಿ. ಈಗ ಒಂದರ ಪಕ್ಕ ಒಂದು ಇಡಬಹುದಾದ ತುಂಡುಗಳು ಇಪ್ಪತ್ತೇ. ಇಳಿಜಾರೆಲ್ಲ ಹುಲ್ಲಾಗುತ್ತದೆ, ಆದರೆ 100 ಹರ್ಟ್ಸಿನ ಹತ್ತಿರ ಫ್ಯಾನ್ ಮೋಟಾರಿನ ಗುಂಯ್ ಸೂಜಿಯಂತೆ ಎದ್ದು ನಿಲ್ಲುವುದನ್ನು ನೋಡಬಹುದು. ಎರಡೂ ನಕ್ಷೆಗಳನ್ನು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಅಂಟಿಸಿ. ಪ್ರತಿಯೊಂದರ ಕೆಳಗೆ ಎಷ್ಟು ತುಂಡು, ತುಂಡಿನ ಉದ್ದ ಎಷ್ಟು, ಯಾವ ವಿಂಡೋ, ಯಾವ ಭಾಗವನ್ನು ಕೈಬಿಟ್ಟಿರಿ, ಏಕೆ ಎಂದು ಬರೆಯಿರಿ. ಎಷ್ಟು ಸಲ ಸರಾಸರಿ ತೆಗೆಯುವುದೆಂದು ಅಳತೆಗೆ ಮೊದಲೇ ನಿರ್ಧರಿಸಿ ಬರೆದಿಡಿ. ಬೇಕಾದ ಉಬ್ಬು ಕಂಡ ಕೂಡಲೇ ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಮುಂದಿನ ವಾರ ಫ್ಯಾನಿನ ವೇಗ ಬದಲಿಸಿ ಇದನ್ನೇ ಮತ್ತೆ ಮಾಡಿ, ಯಾವ ಸೂಜಿ ಸರಿಯಿತು, ಯಾವುದು ಇದ್ದಲ್ಲೇ ಇದೆ ಎಂದು ನಿಮ್ಮ ಅಧ್ಯಾಪಕರಿಗೆ ತೋರಿಸಿ.